ಎರಡನೇ ತಿರುವಲ್ಲಿ ಮಗುಚ್ಕೊಳ್ಳೋ 1:32 ಕೊಬ್ಬರಿ ಲಾರಿ – ಏನ್ ತಪ್ಪು ಮಾಡಿದೀನಿ?

ಅರಸೀಕೆರೆ_1210 · ಶನಿವಾರ, ರಾತ್ರಿ 10:40

ಎಲ್ರಿಗೂ ನಮಸ್ಕಾರ. ಮೂರು ತಿಂಗಳು ಕೂತು ಒಂದು ಸ್ಲಾಟ್ ಲಾರಿ ಕಟ್ಟಿದೀನಿ, ಅಸಲಿ ಲಾರಿಯ ಮೂವತ್ತೆರಡನೇ ಒಂದು ಭಾಗದ ಅಳತೆ. ನೇರ ದಾರೀಲಿ ಚೆನ್ನಾಗೇ ಓಡುತ್ತೆ, ಎರಡನೇ ತಿರುವಿಗೆ ಬಂದ ತಕ್ಷಣ ಮಗುಚ್ಕೊಳ್ಳುತ್ತೆ. ಜಾರಿ ಹೊರಗೆ ಹೋಗೋದಲ್ಲ, ಪೂರ್ತಿ ಪಲ್ಟಿ. ಮೇಲೆ ನಾಲ್ಕು ಚಕ್ರ, ಕೆಳಗೆ ಟಾರ್ಪಾಲು.

ನಮ್ಮಪ್ಪ ಬಹಳ ವರ್ಷ ಟಾಟಾ 1210 ಓಡಿಸಿದವರು, ತಿಪಟೂರಿಂದ ಕೊಬ್ಬರಿ ಲೋಡು. ಆ ಲಾರಿ ಗುಜರಿಗೆ ಹೋಗಿ ಯಾವ ಕಾಲವಾಯ್ತೋ. ಉಳಿದಿರೋದು ಒಂದು ಫೋಟೊ. ಅದನ್ನ ನೋಡ್ಕೊಂಡೇ ಎಲ್ಲಾ ಮಾಡಿದ್ದು. ಕ್ಯಾಬಿನ್ನೂ ಲೋಡ್ ಬಾಡಿನೂ ರೆಸಿನ್ ಪ್ರಿಂಟ್. ಚಾಸಿ ಒಂದು ಹಳೇ ಕಾರಿನದು, ಮಧ್ಯ ಕೊಯ್ದು ಹಿತ್ತಾಳೆ ಪಟ್ಟಿ ಬೆಸುಗೆ ಹಾಕಿ ಉದ್ದ ಮಾಡಿದೀನಿ. ಮೋಟರ್ ಉದ್ದಕ್ಕೆ ಕೂತಿದೆ, 12 ವೋಲ್ಟ್‌ಗೆ ನಿಮಿಷಕ್ಕೆ 18,000 ಸುತ್ತಿಂದು. 9 ಹಲ್ಲಿನ ಪಿನಿಯನ್ (ಮೋಟರ್ ಕಡೆ ಗೇರು), 27 ಹಲ್ಲಿನ ಕ್ರೌನ್ (ಆಕ್ಸಲ್ ಕಡೆ ಗೇರು). ಟ್ರ್ಯಾಕು ಮನೇದೇ: ಎಂಟು-ನಾಲ್ಕರ ಎಂಡಿಎಫ್ ಹಲಗೆ, ಮರಗೆಲಸದ ರೂಟರಲ್ಲಿ ಕೊರೆದ ಎರಡು ಸೀಳು, ತಾಮ್ರದ ಟೇಪು. ಒಂದು ಸುತ್ತು ಹತ್ತಿರ ಹತ್ತಿರ 6 ಮೀಟರ್.

ಇದೇ ಟ್ರ್ಯಾಕಲ್ಲಿ ಕಾರು 2.8 ಸೆಕೆಂಡಿಗೆ ಸುತ್ತು ಮುಗಿಸುತ್ತೆ. ಲಾರಿ ಬೀಳದೇ ಇರ್ಬೇಕು ಅಂದ್ರೆ 4.1. ಇದು ಲಾರಿ ಅಂತ ಒಪ್ಕೊಂಡು ಸುಮ್ನಾಗ್ಲಾ, ದಾರಿ ಇದೆಯಾ?

ಹೊಸಬ_ಗಿರೀಶ · ಶನಿವಾರ, ರಾತ್ರಿ 11:05

ಅಣ್ಣ, ನಡುವೆ ಬಾಯಿ ಹಾಕ್ತಿದೀನಿ, ಸ್ಲಾಟ್ ಅಂದ್ರೆ ಏನು? ರಿಮೋಟ್ ಕಾರಾ?

ಮಾಲತಿ_ಎಚ್‌ಒ · ಶನಿವಾರ, ರಾತ್ರಿ 11:20

ಅಲ್ಲಪ್ಪ. ಟ್ರ್ಯಾಕಲ್ಲಿ ಒಂದು ಸೀಳು ಕೊರೆದಿರುತ್ತೆ, ಅದರೊಳಗೆ ಕಾರಿನ ಮೂತಿ ಕೆಳಗಿರೋ ಗೈಡ್ ಇಳಿಯುತ್ತೆ. ಸೀಳಿನ ಎರಡೂ ಪಕ್ಕ ಕರೆಂಟ್ ಪಟ್ಟಿ, ಗೈಡಿಗೆ ಅಂಟಿದ ತಾಮ್ರದ ಜಡೆ ಅದನ್ನ ಸವರಿಕೊಂಡು ಮೋಟರಿಗೆ ಕರೆಂಟ್ ಒಯ್ಯುತ್ತೆ. ಸ್ಟಿಯರಿಂಗ್ ನಿನ್ನ ಕೈಲಿಲ್ಲ. ನಿನ್ನ ಕೈಲಿರೋದು ವೇಗ ಒಂದೇ. 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಅನ್ನೋರು ತಮ್ಮ ಸ್ಪ್ರಿಂಗ್ ಬಲದಲ್ಲಿ ಓಡೋ ತಗಡಿನ ಸ್ಕೇಲೆಕ್ಸ್ ಕಾರಿಗೆ ವಿದ್ಯುತ್ ಮೋಟರ್ ಕೂರಿಸಿ ಸ್ಕೇಲೆಕ್ಸ್‌ಟ್ರಿಕ್ ಅಂತ ತಂದರು. ಆಟ ಮನೆಮನೆಗೆ ಹೋಗಿದ್ದು ಅಲ್ಲಿಂದ. ನನ್ನ ಹತ್ರ ಇರೋದು ಇನ್ನೂ ಚಿಕ್ಕದು, ಎಚ್‌ಒ ಅಳತೇದು. 1980ರ ದಶಕದ ಟೈಕೊ ಯುಎಸ್-1 ಲಾರಿ, ಅಂಗೈ ಮೇಲೆ ಕೂರುತ್ತೆ. ರೇಸಿಗಲ್ಲ ಅದು, ಸಾಮಾನು ತುಂಬಿ ಇಳಿಸೋ ಆಟ.

ಅರಸೀಕೆರೆಯವರೇ, ತೂಕ ಹೇಳಿ. ಒಟ್ಟು ಎಷ್ಟು, ಮೇಲಿಂದೆಷ್ಟು, ಕೆಳಗಿಂದೆಷ್ಟು?

ಆರ್‌ಸಿ_ಕಿರಣ · ಶನಿವಾರ, ರಾತ್ರಿ 11:48

ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಬೇಡಿ ಗುರು. ಚಾಸಿ ಕೆಳಗೆ ಒಂದು ನಿಯೋಡಿಮಿಯಂ ಮ್ಯಾಗ್ನೆಟ್ ಅಂಟಿಸಿ. ಹಳಿಗೆ ಕಚ್ಚಿಕೊಂಡು ಕೂರುತ್ತೆ, ತಳ್ಳಿದ್ರೂ ಬೀಳಲ್ಲ. ಹಂಗೇ 25,000 ಸುತ್ತಿನ ಮೋಟರ್ ಹಾಕಿ, ಮಜಾ ಬರುತ್ತೆ.

ಹುಬ್ಬಳ್ಳಿ_ಲೇಥ್ · ಭಾನುವಾರ, ಬೆಳಿಗ್ಗೆ 7:15

ಕಿರಣ ಸಾಹೇಬ್ರ, ಅಂವ ಏನ್ ಬರದಾನ ನೋಡ್ರಿ ಒಮ್ಮೆ. ತಾಮ್ರದ ಟೇಪ್ ಅಂದಾನ. ತಾಮ್ರಕ್ಕ ಮ್ಯಾಗ್ನೆಟ್ ಹಿಡೀತೈತೇನ್ರಿ? ಕಂಪನಿ ಪ್ಲಾಸ್ಟಿಕ್ ಟ್ರ್ಯಾಕಿನ್ಯಾಗ ಕಬ್ಬಿಣದ ಹಳಿ ಇರ್ತಾವು, ಅಲ್ಲಿ ನಿಮ್ಮ ಮಾತು ಖರೇ. ಇಲ್ಲಿ ಮ್ಯಾಗ್ನೆಟ್ ಹಾಕಿದ್ರ ಬರೇ ವಜ್ಜಾ.

ಆರ್‌ಸಿ_ಕಿರಣ · ಭಾನುವಾರ, ಬೆಳಿಗ್ಗೆ 9:30

ಸರಿ ಸರಿ, ಓದ್ದೆ ಬರೆದೆ. ಮೋಟರ್ ವಿಷಯ ವಾಪಸ್ ತಗೊಳಲ್ಲ.

ಅರಸೀಕೆರೆ_1210 · ಭಾನುವಾರ, ಬೆಳಿಗ್ಗೆ 10:10

ಮಾಲತಿ ಅಕ್ಕ, ಚಿನ್ನದಂಗಡಿ ತರದ ಚಿಕ್ಕ ತಕ್ಕಡೀಲಿ ಇಟ್ಟು ನೋಡ್ದೆ. ಒಟ್ಟು 147 ಗ್ರಾಂ. ಚಾಸಿ, ಮೋಟರ್, ಚಕ್ರ ಎಲ್ಲಾ ಸೇರಿ 61. ಕ್ಯಾಬಿನ್ನು, ಬಾಡಿ 52. ಕೊಬ್ಬರಿ ಚೀಲ 34.

ಮಾಲತಿ_ಎಚ್‌ಒ · ಭಾನುವಾರ, ಬೆಳಿಗ್ಗೆ 10:14

ಕೊಬ್ಬರಿ ಚೀಲ 34 ಗ್ರಾಂ?? ಯಾವುದರಲ್ಲಿ ಮಾಡಿದೀರಿ?

ಅರಸೀಕೆರೆ_1210 · ಭಾನುವಾರ, ಬೆಳಿಗ್ಗೆ 10:16

ಎಂ-ಸೀಲ್.

ಹುಬ್ಬಳ್ಳಿ_ಲೇಥ್ · ಭಾನುವಾರ, ಬೆಳಿಗ್ಗೆ 10:17

ಯಪ್ಪಾ! ಲಾರಿ ಮ್ಯಾಲೆ ಲಾರಿ ಹೇರಿ ಕೂಡ್ಸೀರಿ.

ನ್ಯೂರೆಂಬರ್ಗ್_ಭಟ್ಟ · ಭಾನುವಾರ, ಮಧ್ಯಾಹ್ನ 2:50

ನಗು ಆಮೇಲೆ. ಅವರ ಚೀಲಗಳ ಫೋಟೊ ನೋಡಿ, ಒಂದೊಂದಕ್ಕೂ ಹೊಲಿಗೆ ಗೆರೆ ಬಂದಿದೆ. ಅಷ್ಟು ಚಂದ ಕೆಲಸವನ್ನು ಬಿಸಾಡಿ ಅನ್ನಲಿಕ್ಕೆ ನನಗೂ ಮನಸ್ಸಿಲ್ಲ, ಆದರೆ ಕಪಾಟಿನಲ್ಲಿಡಿ.

ನಾನು ಇಲ್ಲಿ ವಾರಕ್ಕೊಮ್ಮೆ ಒಂದು ಮರದ ಟ್ರ್ಯಾಕಿಗೆ ಹೋಗುತ್ತೇನೆ, ಲಾರಿಗಳಿಗೇ ಒಂದು ವರ್ಗ ಉಂಟು. ಹೆಚ್ಚಿನವರದ್ದು ಸ್ಪೇನಿನ ಫ್ಲೈ ಕಂಪನಿಯ ಹಳೇ ರೇಸ್ ಲಾರಿ, ಸಿಸು, ಮರ್ಸಿಡಿಸ್ ಅಟೆಗೊ, ಬಗಿರಾ ಇತ್ಯಾದಿ. ಅವು ನಿಜವಾದ ಯುರೋಪಿಯನ್ ರೇಸ್ ಲಾರಿಗಳ ನಕಲು, ಹಿಂದೆ ಲೋಡ್ ಬಾಡಿ ಇಲ್ಲ, ಬೋಳು. ಹಾಗಿದ್ದೂ ಕಾರಿಗಿಂತ ಎತ್ತರ, ಹಾಗಿದ್ದೂ ಮಗುಚುತ್ತವೆ. ನಿಮ್ಮದು ಲೋಡ್ ಲಾರಿ.

ಪಲ್ಟಿ ಯಾಕೆ ಆಗ್ತದೆ ಅಂತ ಒಮ್ಮೆ ನೋಡುವ. ಸ್ಲಾಟ್ ಕಾರು ನಾಲ್ಕು ಚಕ್ರದ ಮೇಲೆ ನಿಲ್ಲುವುದಿಲ್ಲ. ಅದು ಮೂರು ಕಾಲಿನ ಮಣೆ: ಮುಂದೆ ಗೈಡ್ ಒಂದು ಕಾಲು, ಹಿಂದಿನ ಎರಡು ಟಯರು ಇನ್ನೆರಡು ಕಾಲು. ಮುಂದಿನ ಚಕ್ರ ಹೆಚ್ಚಾಗಿ ಅಲಂಕಾರಕ್ಕೆ. ಹಾಗಾಗಿ ಮಗುಚುವಾಗ ಗಾಡಿ ತನ್ನ ಪಕ್ಕದ ಅಂಚಿನ ಮೇಲೆ ತಿರುಗುವುದಲ್ಲ, ಗೈಡಿನಿಂದ ಹೊರಬದಿಯ ಹಿಂದಿನ ಟಯರಿಗೆ ಎಳೆದ ಓರೆ ಗೆರೆಯ ಮೇಲೆ ತಿರುಗುತ್ತದೆ. ತೂಕ ಮುಂದೆ ಮುಂದೆ ಹೋದಷ್ಟೂ ಆ ಗೆರೆ ತೂಕಕ್ಕೆ ಹತ್ತಿರ ಬರ್ತದೆ. ಹಿಂದಿನ ಟಯರಿನ ಹೊರ ಅಂಚಿಗೂ ನಡುಗೆರೆಗೂ 32 ಮಿಲಿಮೀಟರ್ ಇದ್ದು, ಭಾರಕೇಂದ್ರ ಹಿಂದಿನ ಆಕ್ಸಲಿನಿಂದ ಗೈಡಿನವರೆಗಿನ ದೂರದಲ್ಲಿ ಮೂರನೇ ಒಂದು ಭಾಗ ಮುಂದಿದ್ದರೆ, ನಿಮಗೆ ನಿಜಕ್ಕೂ ಸಿಗುವ ಅಗಲ 21 ಮಾತ್ರ.

ಒಂದು ಪರೀಕ್ಷೆ ಮಾಡಿ. ಹಲಗೆಯ ಮೇಲೆ ಲಾರಿಯನ್ನು ಅಡ್ಡ ಇಡಿ. ಗೈಡ್ ಇಳಿಯಲು ಹಲಗೆಯಲ್ಲಿ ಸಣ್ಣ ಸೀಳು ಬೇಕು. ಕೆಳಬದಿಯ ಹಿಂದಿನ ಟಯರು ಜಾರದ ಹಾಗೆ ಒಂದು ಸ್ಕೇಲ್ ಅಂಟಿಸಿ. ಹಲಗೆಯ ಮೇಲ್ಬದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ, ಮಗುಚುವ ಗಳಿಗೆಯಲ್ಲಿ ಹಲಗೆಯ ಕೋನ ಎಷ್ಟು? ಮೊಬೈಲಿನ ಲೆವೆಲ್ ಆ್ಯಪ್ ಸಾಕು.

ಅರಸೀಕೆರೆ_1210 · ಭಾನುವಾರ, ಸಂಜೆ 6:25

ಭಟ್ರೆ, ಐದು ಸಲ ಮಾಡ್ದೆ. 39 ಡಿಗ್ರಿ, ಒಂದ್ಸಲ 38.

ನ್ಯೂರೆಂಬರ್ಗ್_ಭಟ್ಟ · ಭಾನುವಾರ, ಸಂಜೆ 7:40

ಹಾಗಾದರೆ ಭಾರಕೇಂದ್ರ ನೆಲದಿಂದ 26 ಮಿಲಿಮೀಟರ್ ಎತ್ತರದಲ್ಲಿ ಕೂತಿದೆ. 21ನ್ನು 26ರಿಂದ ಭಾಗಿಸಿದರೆ 0.81. ಟಯರಿನ ಹಿಡಿತ ತೂಕದ 0.81 ಪಾಲು ದಾಟಿತೋ, ಜಾರುವ ಮೊದಲೇ ಪಲ್ಟಿ. ಒಳ್ಳೇ ರಬ್ಬರು ಬಣ್ಣ ಹಚ್ಚಿದ ಎಂಡಿಎಫ್ ಮೇಲೆ ಅದನ್ನು ಸುಲಭದಲ್ಲಿ ದಾಟ್ತದೆ. ಇಲ್ಲಿ ಹೊಸಬರು ಮಾಡುವ ತಪ್ಪು ಅದೇ, ಬೀಳ್ತದೆ ಅಂತ ಇನ್ನೂ ಅಂಟು ಟಯರು ಹಾಕ್ತಾರೆ, ಇನ್ನೂ ಬೇಗ ಬೀಳ್ತದೆ.

ಕಿರಣ್, ಮೋಟರಿನ ಬಗ್ಗೆ: ಈಗ ಇರುವುದೇ ಜಾಸ್ತಿ.

ಅರಸೀಕೆರೆ_1210 · ಭಾನುವಾರ, ರಾತ್ರಿ 9:00

ಹಂಗಾದ್ರೆ ಲೋಡ್ ಬಾಡಿನೇ ತೆಗೆದುಬಿಡ್ಬೇಕಾ? ಆ ಬೋಳು ರೇಸ್ ಲಾರಿ ನಂಗೆ ಬೇಡ. ಕೊಬ್ಬರಿ ಇಲ್ದಿದ್ರೆ ಅದು ನಮ್ಮಪ್ಪನ ಲಾರಿ ಅಲ್ಲ.

ಹುಬ್ಬಳ್ಳಿ_ಲೇಥ್ · ಭಾನುವಾರ, ರಾತ್ರಿ 9:22

ತೆಗೀಬ್ಯಾಡ್ರಿ. ಬಾಡಿ ಹಲಗಿ ರೆಸಿನ್ ಯಾಕ? ಲಗ್ನಪತ್ರಿಕಿ ರಟ್ಟು ತಗೊಳ್ರಿ, ಮ್ಯಾಲೆ ಫೆವಿಕ್ವಿಕ್ ಸವರ್ರಿ, ಕಲ್ಲಿನಂಗ ಆಗ್ತೈತಿ, ವಜ್ಜಾ ಇರಂಗಿಲ್ಲ. ಕ್ಯಾಬಿನ್ ಒಳಗಿಂದ ಡ್ರೆಮೆಲ್ ಅನ್ನೂ ಸಣ್ಣ ಗ್ರೈಂಡರ್ ಹಾಕಿ ಕೆರೀರಿ, ಗೋಡಿ 1 ಮಿಲಿಮೀಟರ್‌ಗೆ ಬರೂತನಕ. ಬೆಳಕಿಗೆ ಹಿಡದ್ರ ಬೆಳ್ಳಗ ಕಾಣಬೇಕು. ಚೀಲ ಥರ್ಮಾಕೋಲಿನ್ಯಾಗ ಕೊರದು ಮ್ಯಾಲೆ ಟಿಶ್ಯೂ ಪೇಪರ್, ಫೆವಿಕಾಲ್ ನೀರು. ಫೆವಿಕ್ವಿಕ್ ಅದಕ್ಕ ಮುಟ್ಟಿಸಬ್ಯಾಡ್ರಿ, ಥರ್ಮಾಕೋಲ್ ಕರಗಿ ಗುಂಡಿ ಬೀಳ್ತೈತಿ.

ಇನ್ನ ಅಗಲ ಎಷ್ಟೈತ್ರಿ ಬಾಡಿದು?

ಅರಸೀಕೆರೆ_1210 · ಭಾನುವಾರ, ರಾತ್ರಿ 9:30

ಅಸಲಿ ಲಾರಿ ಅಳತೆ ಪ್ರಕಾರ 75 ಮಿಲಿಮೀಟರ್ ಬರುತ್ತೆ. ಫೋಟೊ ಜೊತೆ ಹೊಂದಲಿ ಅಂತ ಅಷ್ಟೇ ಇಟ್ಟಿದೀನಿ.

ಮಾಲತಿ_ಎಚ್‌ಒ · ಭಾನುವಾರ, ರಾತ್ರಿ 9:51

ಸ್ಕೇಲೆಕ್ಸ್‌ಟ್ರಿಕ್ ಟ್ರ್ಯಾಕಲ್ಲಿ ಎರಡು ಸೀಳುಗಳ ನಡುವೆ 78 ಮಿಲಿಮೀಟರ್. ನೀವೂ ಅದೇ ಅಂತರ ಇಟ್ಟು ಕೊರೆದಿದ್ರೆ ಎರಡು ಲಾರಿ ಅಕ್ಕಪಕ್ಕ ಬಂದಾಗ ನಡುವೆ ಉಳಿಯೋದು 3 ಮಿಲಿಮೀಟರ್. ತಿರುವಲ್ಲಿ ಹಿಂಭಾಗ ಆಚೆ ಬೀಸಿದ್ರೆ ಪಕ್ಕದವನ ಕಥೆ ಮುಗೀತು. 66ಕ್ಕೆ ಇಳಿಸಿ. ಕಣ್ಣಿಗೆ ಗೊತ್ತಾಗಲ್ಲ, ಕನ್ನಡಿ ಬೇಕಿದ್ರೆ ರಬ್ಬರಲ್ಲಿ ಮಾಡಿ.

ಅರಸೀಕೆರೆ_1210 · ಮುಂದಿನ ಶುಕ್ರವಾರ, ರಾತ್ರಿ 11:30

ಒಂದು ವಾರ ಆಯ್ತು. ಹೇಳಿದ್ದೆಲ್ಲಾ ಮಾಡ್ದೆ. ಬಾಡಿ ಪೂರ್ತಿ ಹೊಸದು, 66 ಅಗಲ. ಕ್ಯಾಬಿನ್ ಕೆರೆದೆ, ಒಂದು ಕಡೆ ತೂತೇ ಬಿತ್ತು, ಅಲ್ಲಿ ನಿಂಬೆಹಣ್ಣು-ಮೆಣಸಿನಕಾಯಿ ಇಳಿಬಿಟ್ಟೆ. ಕ್ಯಾಬಿನ್ನೂ ಬಾಡಿನೂ ಸೇರಿ ಈಗ 24 ಗ್ರಾಂ, ಚೀಲ 3. ಉಳಿಸಿದ ತೂಕದಲ್ಲಿ 18 ಗ್ರಾಂ ಸೀಸ ಚಾಸಿ ಕೆಳಗೇ ಅಂಟಿಸಿದೀನಿ. ಒಟ್ಟು 106.

ಸೀಸದ್ದು ಒಂದು ತಮಾಷೆ. ಟಯರ್ ಅಂಗಡಿಯಿಂದ ಅಂಟಿಸೋ ಬ್ಯಾಲೆನ್ಸಿಂಗ್ ತೂಕ ತಂದೆ. ಮನೇಲಿ ನೋಡಿದ್ರೆ ಮ್ಯಾಗ್ನೆಟ್ ಕಚ್ಚುತ್ತೆ, ಕಬ್ಬಿಣ! ಅಷ್ಟೇ ತೂಕಕ್ಕೆ ಒಂದೂವರೆ ಪಟ್ಟು ದಪ್ಪ, ಚಾಸಿ ಕೆಳಗೆ ಹಿಡಿಸ್ಲಿಲ್ಲ. ಕೊನೆಗೆ ಗಾಳದ ಸೀಸದ ಗುಂಡು ತಂದು ಸುತ್ತಿಗೇಲಿ ಚಪ್ಪಟೆ ಮಾಡ್ದೆ. (ಮಕ್ಕಳಿರೋರು ಸೀಸ ಮುಟ್ಟಿದ ಮೇಲೆ ಕೈ ತೊಳ್ಕೊಳಿ, ಉಜ್ಜಿ ಪುಡಿ ಮಾಡ್ಬೇಡಿ.)

ಹಲಗೆ ಪರೀಕ್ಷೆ: 56 ಡಿಗ್ರಿ!! ಪಲ್ಟಿ ನಿಂತೋಯ್ತು. ಆದ್ರೆ ಎರಡು ಹೊಸ ರೋಗ. ಒಂದು, ತಿರುವಿಂದ ಹೊರಗೆ ಬರೋವಾಗ ಹಿಂದೆ ಟಕಟಕ ಅಂತ ಕುಣಿಯುತ್ತೆ. ಎರಡು, ಗೈಡ್ ಆಗಾಗ ಸೀಳು ಬಿಟ್ಟು ಎದ್ದು ಬರುತ್ತೆ. ಸುತ್ತು 3.8.

ನ್ಯೂರೆಂಬರ್ಗ್_ಭಟ್ಟ · ಶನಿವಾರ, ಮಧ್ಯಾಹ್ನ 1:10

ಸುತ್ತಿನ ಸಮಯ ಈಗ ಮರೆತುಬಿಡಿ. ಕುಣಿಯುವುದು ಟಯರು ದುಂಡಗಿಲ್ಲದ್ದಕ್ಕೆ. ಎಷ್ಟು ದೊಡ್ಡ ಟಯರು ಹಾಕಿದ್ದೀರಿ?

ಅರಸೀಕೆರೆ_1210 · ಶನಿವಾರ, ಮಧ್ಯಾಹ್ನ 1:25

ಅಸಲಿ ಟಯರು ಹತ್ರ ಹತ್ರ 1 ಮೀಟರ್ ಎತ್ತರ. ಅಳತೆಗೆ 31 ಆಗ್ಬೇಕು. 28 ಹಾಕಿದೀನಿ, ಹಿಂದೆ ಜೋಡಿ ಟಯರು, ಒಟ್ಟು ನಾಲ್ಕು.

ಹುಬ್ಬಳ್ಳಿ_ಲೇಥ್ · ಶನಿವಾರ, ಮಧ್ಯಾಹ್ನ 1:58

ಜೋಡಿ ಟಯರ್ ಬ್ಯಾಡ್ರಿ. ನಾಕೂ ಒಂದೇ ಎತ್ತರ ಬರೂದಿಲ್ಲ, ಒಂದು ನೆಲಕ್ಕ ಹತ್ತಿದ್ರ ಇನ್ನೊಂದು ಗಾಳಿಯಾಗ. ಒಂದೇ ಅಗಲ ಟಯರ್ ಹಾಕಿ ನಟ್ಟನಡು ಒಂದು ಗೆರಿ ಕೊರೀರಿ, ನೋಡೋರಿಗೆ ಜೋಡಿನ. ರಿಮ್ ನಾ ತಿರುವಿ ಕಳಸ್ತೀನಿ, ಅಲ್ಯೂಮಿನಿಯಂ. ಆಕ್ಸಲ್ ದಪ್ಪ ಎಷ್ಟರದು? 2.38 ಮಿಲಿಮೀಟರ್ ಇರಬೇಕಲ್ಲ? ಟಯರ್ ಎತ್ತರ 24ಕ್ಕ ಇಳಸ್ರಿ. ಚಕ್ರ ದೊಡ್ಡದಾದಷ್ಟೂ ಚಾಸಿ ಮ್ಯಾಲೇಳ್ತೈತಿ, ಇಷ್ಟೆಲ್ಲಾ ಮಾಡಿ ಇಳಿಸಿದ್ದು ಮತ್ತ ಏರ್ತೈತಿ.

ನ್ಯೂರೆಂಬರ್ಗ್_ಭಟ್ಟ · ಶನಿವಾರ, ಮಧ್ಯಾಹ್ನ 2:30

ಲೇಥಣ್ಣ ಹೇಳಿದ್ದು ಸರಿ. ರಿಮ್ ಬಂದ ಮೇಲೆ ಹೀಗೆ ಮಾಡಿ. ಮೊದಲು ಆಕ್ಸಲನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟ ಇದ್ದರೆ ಮುಂದಿನದೆಲ್ಲ ವ್ಯರ್ಥ. ಟಯರನ್ನು ರಿಮ್ಮಿಗೆ ಅಂಟಿಸಿ, ಬರೇ ತೊಡಿಸಿದರೆ ವೇಗದಲ್ಲಿ ಉಬ್ಬಿ ಒಳಗೇ ತಿರುಗ್ತದೆ. ಒಣಗಿದ ಮೇಲೆ 240ರ ಸ್ಯಾಂಡ್ ಪೇಪರನ್ನು ಗಟ್ಟಿ ಹಲಗೆಗೆ ಅಂಟಿಸಿ, ಮೋಟರಿಗೆ 5 ವೋಲ್ಟ್ ಕೊಟ್ಟು, ಟಯರನ್ನು ಮುಟ್ಟಿಯೂ ಮುಟ್ಟದ ಹಾಗೆ ತಾಗಿಸಿ. ಒತ್ತಬಾರದು. ಒತ್ತಿದರೆ ಟಯರಿನ ಸೊಟ್ಟಕ್ಕೆ ತಕ್ಕ ಹಾಗೆ ಕೈಯೂ ಕುಣೀತದೆ, ಸೊಟ್ಟ ಹಾಗೇ ಉಳೀತದೆ. ಮೊದಮೊದಲು ಚರ್... ಬಿಟ್ಟು ಚರ್... ಬಿಟ್ಟು ಅಂತ ಸದ್ದು ಬರ್ತದೆ, ಎತ್ತರದ ಜಾಗ ಮಾತ್ರ ತಾಗುವುದು. ಅದು ಒಂದೇ ಸಮನೆ ಚರ್ರ್ ಅಂತ ಆದಾಗ ದುಂಡಗಾಯ್ತು ಅಂತ ಲೆಕ್ಕ. ನಡುನಡುವೆ ಮೋಟರ್ ಮುಟ್ಟಿ ನೋಡಿ, ಬಿಸಿಯಾದರೆ ಚಾ ಕುಡಿದು ಬನ್ನಿ. ಕೊನೆಗೆ 600ರದ್ದು, ಒಂದು ಹನಿ ನೀರು.

ಗೈಡ್ ಏಳುವುದಕ್ಕೆ: ಸೀಸದಲ್ಲಿ ಸ್ವಲ್ಪ, ಒಂದು 5 ಗ್ರಾಂ, ಗೈಡಿನ ಬೆನ್ನ ಹಿಂದಕ್ಕೇ ತನ್ನಿ. ಅದಕ್ಕಿಂತ ಹೆಚ್ಚು ಬೇಡ, ಮೂರು ಕಾಲಿನ ಮಣೆ ನೆನಪಿರಲಿ. ಆಮೇಲೆ ಮುಂದಿನ ಚಕ್ರ. ಗಾಡಿ ಟ್ರ್ಯಾಕಿನ ಮೇಲಿರುವಾಗ ಮುಂದಿನ ಟಯರಿನಡಿ ಒಂದು ಕಾಗದದ ಚೂರು ತೂರಬೇಕು, ಎರಡು ತೂರಬಾರದು. ಚಕ್ರ ಅದಕ್ಕಿಂತ ಕೆಳಗಿದ್ದರೆ ಗೈಡನ್ನು ಅದೇ ಎತ್ತಿ ಹಿಡೀತದೆ. ಸರಿ ಎತ್ತರದಲ್ಲಿದ್ದರೆ ಲಾರಿ ವಾಲುವಾಗ ಹೊರಚಕ್ರ ನೆಲ ಮುಟ್ಟಿ ನಾಲ್ಕನೇ ಕಾಲಾಗ್ತದೆ. ಮುಂದಿನ ಟಯರಿಗೆ ನೈಲ್ ಪಾಲಿಶ್ ಹಚ್ಚಿ ಗಟ್ಟಿ ಮಾಡಿ, ಅದು ಹಿಡಿಯಬಾರದು, ಜಾರಬೇಕು.

ಆರ್‌ಸಿ_ಕಿರಣ · ಶನಿವಾರ, ಸಂಜೆ 4:00

ಬಾಡಿ ಸ್ಕ್ರೂ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಪೂರ್ತಿ ಬಿಗಿ ಮಾಡಿ ಅರ್ಧ ಸುತ್ತು ಬಿಚ್ಚಿ. ಚಾಸಿ ನಡುಕ ಬಾಡಿಗೆ ಹೋಗಲ್ಲ. ಇದಾದ್ರೂ ಸರೀನಾ?

ನ್ಯೂರೆಂಬರ್ಗ್_ಭಟ್ಟ · ಶನಿವಾರ, ಸಂಜೆ 4:20

ನೂರಕ್ಕೆ ನೂರು ಸರಿ. ಲಾರಿಗೆ ಅರ್ಧವೇ ಸಾಕು, ಕಾರಿನ ಹಾಗೆ ಒಂದು ಸುತ್ತು ಬಿಚ್ಚಿದರೆ ಎತ್ತರದ ಬಾಡಿ ತೂಗಾಡ್ತದೆ.

ಕುಡ್ಲ_ಕಂಟೇನರ್ · ಭಾನುವಾರ, ಬೆಳಿಗ್ಗೆ 8:30

ಇಲ್ಲೇ ಕೇಳ್ಬಹುದಾ? ನಂಗೆ ಟ್ರೇಲರ್ ಲಾರಿ ಮಾಡ್ಲಿಕ್ಕುಂಟು, ಬಂದರಿನ ಕಂಟೇನರ್. ತಿರುವಲ್ಲಿ ಟ್ರೇಲರ್ ಒಳಗೆ ಕುಯ್ದು ಪಕ್ಕದ ಲಾರಿಗೆ ಬಡೀತದೆ ಮಾರಾಯ್ರೆ.

ಮಾಲತಿ_ಎಚ್‌ಒ · ಭಾನುವಾರ, ಬೆಳಿಗ್ಗೆ 9:12

ನಿಮ್ಮದು ಹೊಸ ಎಳೆ ಮಾಡಿ, ಇಲ್ಲಿ ಕೊಬ್ಬರಿ ಇಳಿದ ಮೇಲೆ ಬರ್ತೀವಿ.

ಅರಸೀಕೆರೆ_1210 · ಎರಡು ವಾರದ ನಂತರ, ಭಾನುವಾರ, ಸಂಜೆ 5:45

ಹುಬ್ಬಳ್ಳಿಯಿಂದ ರಿಮ್ ಬಂತು, ಅಣ್ಣ ದುಡ್ಡು ಬೇಡ ಅಂದ್ರು, ಕೊಬ್ಬರಿ ಕಳಿಸಿದೀನಿ. ಟಯರು ಉಜ್ಜೋಕೆ ಒಂದೂವರೆ ಗಂಟೆ ಹಿಡೀತು. ಚರ್ ಬಿಟ್ಟು ಚರ್ ಅನ್ನೋದು ಒಂದೇ ಚರ್ರ್ ಆದಾಗ ನಿಜಕ್ಕೂ ಖುಷಿಯಾಯ್ತು. ಕುಣಿತ ಹೋಯ್ತು. ಗೈಡ್ ಏಳಲ್ಲ. ಪಿನಿಯನ್ 9 ತೆಗೆದು 8 ಹಾಕ್ದೆ, ಕ್ರೌನನ್ನ ಆಕ್ಸಲ್ ಮೇಲೆ ಸರಿಸಿ ಹಲ್ಲು ಮತ್ತೆ ಕೂರಿಸ್ದೆ. ಕಾರಿನ 20 ಮಿಲಿಮೀಟರ್ ಟಯರಿಗೆ ಮೋಟರಿನ ಒಂದು ಸುತ್ತಿಗೆ 21 ಮಿಲಿಮೀಟರ್ ಓಡ್ತಿದ್ದದ್ದು ಈಗ 22 ಚಿಲ್ಲರೆ. ಎಳೆತ ಚೆನ್ನಾಗಿದೆ. ಸುತ್ತು 3.5.

ಇವತ್ತು ಅಪ್ಪನ ಕೈಗೆ ಕೊಟ್ಟೆ. ಮೂರು ಸಲ ಹೊರಗೆ ಹೋಯ್ತು. ನಾಲ್ಕನೇ ಸಲ ಕಂಟ್ರೋಲರ್ ಕೆಳಗಿಟ್ಟು, "ಏನೋ ಇದು, ಬ್ರೇಕೇ ಇಲ್ವಲ್ಲೋ. ಬ್ರೇಕಿಲ್ದಿರೋ ಲೋಡ್ ಗಾಡಿ ಕೈಗೆ ಕೊಡ್ತೀಯಲ್ಲ" ಅಂದ್ರು. ಸ್ಲಾಟ್ ಕಾರಿಗೆ ಬ್ರೇಕ್ ಇರಲ್ಲ ಅಪ್ಪ, ಬಟನ್ ಬಿಟ್ರೆ ನಿಧಾನ ಆಗುತ್ತೆ ಅಂದೆ. ನಂಬಲಿಲ್ಲ.

ಮಾಲತಿ_ಎಚ್‌ಒ · ಭಾನುವಾರ, ಸಂಜೆ 6:02

ನಿಮ್ಮಪ್ಪ ಹೇಳಿದ್ದೇ ಸರಿ! ಕಂಟ್ರೋಲರಿಂದ ಎಷ್ಟು ತಂತಿ ಹೊರಗೆ ಬಂದಿದೆ?

ಅರಸೀಕೆರೆ_1210 · ಭಾನುವಾರ, ಸಂಜೆ 6:04

ಎರಡು. ನಾನೇ ಮಾಡಿದ್ದು.

ಮಾಲತಿ_ಎಚ್‌ಒ · ಭಾನುವಾರ, ಸಂಜೆ 6:31

ಮೂರು ಬೇಕು. ಎರಡು ತಂತೀಲಿ ಬಟನ್ ಬಿಟ್ಟಾಗ ಕರೆಂಟ್ ನಿಲ್ಲುತ್ತೆ ಅಷ್ಟೇ, ಗಾಡಿ ತನ್ನ ಪಾಡಿಗೆ ಉರುಳ್ತಾ ಹೋಗುತ್ತೆ. ಮೂರನೇ ತಂತಿ, ಬಟನ್ ಪೂರ್ತಿ ಬಿಟ್ಟಾಗ, ಆ ಸೀಳಿನ ಎರಡು ಟೇಪನ್ನೂ ಒಂದಕ್ಕೊಂದು ಸೇರಿಸುತ್ತೆ. ಆಗ ಉರುಳ್ತಿರೋ ಮೋಟರ್ ಡೈನಮೊ ಆಗುತ್ತೆ, ತಾನು ಹುಟ್ಟಿಸಿದ ಕರೆಂಟು ತನ್ನ ಸುರುಳಿಯಲ್ಲೇ ಸುತ್ತಿ ತನ್ನನ್ನೇ ಹಿಡಿದು ನಿಲ್ಲಿಸುತ್ತೆ. ಬಿಡಿ ಮೋಟರ್ ಇದ್ರೆ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಅದರ ಎರಡು ಕಾಲನ್ನ ತಂತಿಯಿಂದ ಸೇರಿಸಿ ಮತ್ತೆ ತಿರುಗಿಸಿ. ಬೆರಳಿಗೇ ಗೊತ್ತಾಗುತ್ತೆ.

ಎಚ್ಚರ: ಬಟನ್ ಒತ್ತುವಾಗ ಬ್ರೇಕ್ ಸಂಪರ್ಕ ಮೊದಲು ಬಿಟ್ಟು ಆಮೇಲೆ ಕರೆಂಟ್ ಹತ್ತಬೇಕು. ಎರಡೂ ಒಟ್ಟಿಗೆ ತಾಗಿದ್ರೆ ಅಡಾಪ್ಟರ್ ಶಾರ್ಟ್.

ನ್ಯೂರೆಂಬರ್ಗ್_ಭಟ್ಟ · ಭಾನುವಾರ, ರಾತ್ರಿ 8:15

ನಾನು ಮೂರು ವಾರದಿಂದ ಟಯರು, ಸೀಸ ಅಂತ ಉಪದೇಶ ಮಾಡ್ತಾ ಇದ್ದೇನೆ, ಇದನ್ನು ಕೇಳಲೇ ಇಲ್ಲ. ತಂದೆಯವರಿಗೆ ನಮಸ್ಕಾರ ತಿಳಿಸಿ. ಅಂದಹಾಗೆ ಯುರೋಪಿನ ನಿಜವಾದ ರೇಸ್ ಲಾರಿ ಕನಿಷ್ಠ 5,300 ಕಿಲೊ ತೂಕ, ವೇಗಕ್ಕೆ ನಿಯಮದಲ್ಲೇ ಗಂಟೆಗೆ 160 ಕಿಲೊಮೀಟರಿನ ಮಿತಿ. ಅಲ್ಲೂ ತಲೆನೋವು ಬ್ರೇಕಿನದ್ದೇ, ಬಿಸಿ ತಡೆಯಲಿಕ್ಕೆ ನೀರು ಚಿಮುಕಿಸ್ತಾ ಓಡಿಸ್ತಾರೆ.

ಹುಬ್ಬಳ್ಳಿ_ಲೇಥ್ · ಭಾನುವಾರ, ರಾತ್ರಿ 8:40

2014ರಾಗ ನೋಯ್ಡಾ ಕಡೆ ಬುದ್ಧ ಸರ್ಕಿಟಿನ್ಯಾಗ ಟಾಟಾದವರು ಪ್ರೈಮಾ ಲಾರಿ ರೇಸ್ ಮಾಡಿದ್ರಲ್ಲ, ನಾ ಟಿವಿಯಾಗ ನೋಡೇನಿ. ಮುಂದಿನ ಲಾರಿ ಪ್ರೈಮಾ ಮಾಡ್ರಿ, ರಿಮ್ ನಂದ.

ಅರಸೀಕೆರೆ_1210 · ಬುಧವಾರ, ರಾತ್ರಿ 10:20

ಮೂರನೇ ತಂತಿ ಎಳೆದೆ. ಮೊದಲ ಸಲ ಬಟನ್ ಬಿಟ್ಟಾಗ ಲಾರಿ ಗಕ್ಕಂತ ನಿಂತು ಕೊಬ್ಬರಿ ಚೀಲ ಎರಡು ಕ್ಯಾಬಿನ್ ಮೇಲೆ ಬಿತ್ತು. ಮಾಲತಿ ಅಕ್ಕ ಖಾಸಗಿ ಮೆಸೇಜಲ್ಲಿ ಹೇಳಿದ ಹಾಗೆ ಬ್ರೇಕ್ ದಾರೀಲಿ ಒಂದು 5 ಓಮ್ ರೆಸಿಸ್ಟರ್ ಸೇರಿಸಿದ ಮೇಲೆ ಮೆತ್ತಗಾಯ್ತು.

ನನ್ನ ಒಳ್ಳೇ ಸುತ್ತು 3.2. ಅಪ್ಪಂದು 3.6, ಆದ್ರೆ ಅವರು ನಲವತ್ತು ಸುತ್ತು ಬೀಳಿಸದೇ ಓಡಿಸಿದ್ರು. ನಾನು ಹನ್ನೆರಡು ದಾಟಿಲ್ಲ. ತಿರುವಿಗೆ ಎರಡು ಗೇಣು ಮುಂಚೆನೇ ಬಟನ್ ಬಿಡ್ತಾರೆ, ನಡುವಲ್ಲಿ ಮುಟ್ಟೋದೇ ಇಲ್ಲ.

ಈಗ ಅವರ ತಕರಾರು ಟಾರ್ಪಾಲಿಂದು. ಹಗ್ಗ ನಾನು ಅಡ್ಡಡ್ಡ ಅಂಟಿಸಿದ್ದೆ, "ಹಿಂಗೆ ಕಟ್ಟಿದ್ರೆ ಬಾಣಾವರ ದಾಟೋದ್ರೊಳಗೆ ಹಾರೋಗುತ್ತೆ" ಅಂತ ಅಮ್ಮನ ಹೊಲಿಗೆ ದಾರ ತಗೊಂಡು, ಕನ್ನಡಕ ಹಾಕ್ಕೊಂಡು, ಹಿಂದಿನ ಮೂಲೆಯಿಂದ ಬಿಚ್ಚಿ ಮತ್ತೆ ಕಟ್ತಾ ಕೂತಿದಾರೆ. ದಾರದ ತೂಕ ಅರ್ಧ ಗ್ರಾಂ ಕೂಡ ಇಲ್ಲ ಭಟ್ರೆ, ನೋಡ್ದೆ.

ಮಾಲತಿ_ಎಚ್‌ಒ · ಬುಧವಾರ, ರಾತ್ರಿ 10:44

ಫೋಟೊ ಹಾಕಿ, ಆ ಗಂಟಿಂದು ಹತ್ತಿರದಿಂದ.

ಕುಡ್ಲ ಅವರೇ, ಕೊಬ್ಬರಿ ಇಳೀತು, ಬನ್ನಿ. ಟ್ರೇಲರಿನ ಕೀಲು ಲಾರಿಯ ಹಿಂದಿನ ಆಕ್ಸಲಿನ ನೆತ್ತಿಗೇ ಬರಲಿ, ಅದರ ಹಿಂದೆ ಬೇಡ. ಟ್ರೇಲರಿನ ಚಕ್ರಗಳ ನಡುವೆ ಒಂದು ಬೋಳು ಪಿನ್ ಇಳಿಬಿಡಿ, ಜಡೆ ಬೇಡ, ಸೀಳಿನೊಳಗೆ ಸುಮ್ಮನೆ ಜಾರಿಕೊಂಡು ಬರಲಿ. ಒಳಗೆ ಕುಯ್ಯೋದು ನಿಲ್ಲುತ್ತೆ. ಕಂಟೇನರ್ ಯಾವುದರಲ್ಲಿ ಮಾಡಿದೀರಿ?

ಕುಡ್ಲ_ಕಂಟೇನರ್ · ಬುಧವಾರ, ರಾತ್ರಿ 10:52

ತಗಡು ಅಕ್ಕ.

ಹುಬ್ಬಳ್ಳಿ_ಲೇಥ್ · ಬುಧವಾರ, ರಾತ್ರಿ 10:53

ಶಿವನ!